ಎಂಟು ಕ್ವಾರ್ಟರ್ ಓಕೆಆರ್ ಬಳಸಿದ ಮೇಲೆ

ನಗಬೇಡಿ, ಇದು ಮೂರು ತಿಂಗಳ ಕ್ವಾರ್ಟರ್. ನಮ್ಮ ಟೀಮಿನಲ್ಲಿ ಓಕೆಆರ್ (ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್, ಗುರಿ ಇಟ್ಟು ಅಳೆಯುವ ಪದ್ಧತಿ) ಶುರುವಾಗಿ ಎರಡು ವರ್ಷ ಆಯಿತು. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಮೊದಲ ಆರು ತಿಂಗಳಲ್ಲಿ ಕೇಳಿದ್ದರೆ ಒಂದೂ ಕೊಡುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೂರು ತಿಂಗಳಿಗೆ ಒಂದು ಗುರಿ, ಅದೇ ಆಬ್ಜೆಕ್ಟಿವ್. ಅದು ಆಯಿತೋ ಇಲ್ಲವೋ ಅಂತ ಅಳೆಯಲು ಮೂರ್ನಾಲ್ಕು ಕೀ ರಿಸಲ್ಟ್. 1970ರ ದಶಕದಲ್ಲಿ ಇಂಟೆಲ್‌ನಲ್ಲಿ ಆಂಡಿ ಗ್ರೋವ್ ಬೆಳೆಸಿದ ಪದ್ಧತಿ ಇದು. 1999ರಲ್ಲಿ, ಇಂಟೆಲ್‌ನಲ್ಲಿ ಕೆಲಸ ಮಾಡಿ ಆಮೇಲೆ ಗೂಗಲ್‌ನಲ್ಲಿ ಹಣ ಹೂಡಿದ್ದ ಜಾನ್ ಡೋರ್ ಇದನ್ನು ಗೂಗಲ್‌ಗೆ ಕಲಿಸಿಕೊಟ್ಟರು. ಗೂಗಲ್ ಮಾಡುತ್ತದೆ ಅಂದ ಮೇಲೆ ನಮ್ಮ ಮ್ಯಾನೇಜರಿಗೂ ಆಸೆ ಬಂತು. ಎಲ್ಲ ಕಡೆ ಶುರುವಾಗುವುದು ಹೀಗೇ ಅಲ್ವಾ?

ಮೊದಲ ಕ್ವಾರ್ಟರಿಗೆ ಎರಡು ದಿನ ಪೂರ್ತಿ ಮೀಟಿಂಗ್ ಮಾಡಿ, ಆರು ಆಬ್ಜೆಕ್ಟಿವ್, ಇಪ್ಪತ್ತನಾಲ್ಕು ಕೀ ರಿಸಲ್ಟ್ ಬರೆದು, ಬಣ್ಣಬಣ್ಣದ ಶೀಟ್ ಮಾಡಿಟ್ಟೆವು. ಎರಡನೇ ವಾರದಿಂದ ಅದನ್ನು ಯಾರೂ ತೆರೆಯಲಿಲ್ಲ. ಕೊನೆಯ ವಾರ ಎಲ್ಲರೂ ಕೂತು ನೆನಪಿಗೆ ಬಂದ ಅಂಕಿ ತುಂಬಿಸಿದೆವು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಹಾಗೆ.

ಎರಡನೇ ಕ್ವಾರ್ಟರ್ ಇನ್ನೂ ಕೆಟ್ಟದು. ಸ್ಕೋರನ್ನು ಅಪ್ರೈಸಲ್‌ಗೆ ಜೋಡಿಸಿದರು. ಕೀ ರಿಸಲ್ಟ್ ಎಷ್ಟು ಮುಗಿಯಿತು ಅಂತ ಕೊಡುವ ಈ ಸ್ಕೋರ್ 0ಯಿಂದ 1ರವರೆಗೆ ಇರುತ್ತದೆ. ಗುರಿ ಸ್ವಲ್ಪ ಕೈಗೆ ಸಿಗದ ಹಾಗೇ ಇರಬೇಕು ಅನ್ನುವುದು ಇದರ ಲೆಕ್ಕ, ಅದಕ್ಕೇ ಗೂಗಲ್‌ನಲ್ಲಿ 0.6, 0.7 ಬಂದರೆ ಚೆನ್ನಾಗಾಯಿತು ಅಂತ ಅರ್ಥ. ಆದರೆ ಸಂಬಳ ಏರುವುದು ಆ ಅಂಕಿಯ ಮೇಲೆ ಅಂದರೆ ಯಾರು ದೊಡ್ಡ ಗುರಿ ಬರೆಯುತ್ತಾರೆ ಹೇಳಿ? ನಾನೂ ಬರೆಯಲಿಲ್ಲ, ಅರ್ಧ ಮುಗಿದಿದ್ದ ಕೆಲಸವನ್ನೇ ಹೊಸ ಗುರಿ ಅಂತ ಹಾಕಿದೆ. ಎಲ್ಲರಿಗೂ 1.0 ಬಂತು. ಕೆಲಸ ಇದ್ದಲ್ಲೇ ಇತ್ತು.

ಆಮೇಲೆ ಜಗಳ ಆಡಿ ಸ್ಕೋರನ್ನು ಅಪ್ರೈಸಲ್‌ನಿಂದ ಬಿಡಿಸಿಕೊಂಡೆವು. ಒಂದೇ ಆಬ್ಜೆಕ್ಟಿವ್, ಮೂರೇ ಕೀ ರಿಸಲ್ಟ್. ಸೋಮವಾರ ಬೆಳಗ್ಗೆ ಹದಿನೈದು ನಿಮಿಷ ಮೀಟಿಂಗ್, ನಿಂತುಕೊಂಡೇ. ಪ್ರತಿ ಕೀ ರಿಸಲ್ಟಿಗೆ ಒಂದೇ ಪ್ರಶ್ನೆ: ಇದು ಆಗುತ್ತದೆ ಅನ್ನುವ ನಂಬಿಕೆ ಹತ್ತಕ್ಕೆ ಎಷ್ಟು? ಹೋದ ವಾರ ಏಳು ಇದ್ದದ್ದು ಈ ವಾರ ನಾಲ್ಕಾದರೆ ಅದರ ಬಗ್ಗೆ ಮಾತ್ರ ಮಾತು, ಉಳಿದದ್ದಕ್ಕೆ ಕೈ ಹಾಕುವುದಿಲ್ಲ. ಮೊದಲು ಮ್ಯಾನೇಜರ್ ರಜೆ ಹಾಕಿದರೆ ಮೀಟಿಂಗೂ ರಜೆ ಆಗುತ್ತಿತ್ತು. ಈಗ ವಾರಕ್ಕೊಬ್ಬರು ನಡೆಸುತ್ತೇವೆ. ಎರಡು ವರ್ಷ ಎಳೆದು ತಂದಿರುವುದು ಈ ಹದಿನೈದು ನಿಮಿಷವೇ, ಆ ಎರಡು ದಿನದ ಮೀಟಿಂಗ್ ಅಲ್ಲ.

ಬರೆಯುವುದನ್ನು ಕಲಿಯಲು ಮಾತ್ರ ಒಂದು ವರ್ಷ ಹಿಡಿಯಿತು. 'ಹೆಲ್ಪ್ ಪೇಜ್ ಹೊಸದಾಗಿ ಬರೆಯುವುದು' ಅಂತ ಹಾಕುತ್ತಿದ್ದೆವು. ಅದು ಕೆಲಸ, ಫಲಿತಾಂಶ ಅಲ್ಲ. ಪೇಜ್ ಬರೆದ ಮೇಲೂ ಜನ ಅದೇ ಪ್ರಶ್ನೆ ಕೇಳುತ್ತಿದ್ದರೆ ಏನು ಬಂತು? 'ಪಾಸ್‌ವರ್ಡ್ ಬಗ್ಗೆ ಬರುವ ಟಿಕೆಟ್ (ಸಹಾಯ ಕೇಳಿ ಜನ ಕಳಿಸುವ ಪ್ರಶ್ನೆ) ಅರ್ಧಕ್ಕೆ ಇಳಿಯಬೇಕು' ಅಂತ ಬರೆದಾಗ ಗೊತ್ತಾಯಿತು, ಪೇಜ್ ಬೇಕಾಗಿಯೇ ಇರಲಿಲ್ಲ, ಲಾಗಿನ್ ಸ್ಕ್ರೀನಿನಲ್ಲಿ ಒಂದು ಸಾಲು ಬದಲಿಸಿದರೆ ಸಾಕಿತ್ತು.

ಕಳೆದ ವರ್ಷ ಒಂದು ರಿಲೀಸ್ ಗಡಿಬಿಡಿಯಲ್ಲಿ ಮೂರು ಸೋಮವಾರ ತಪ್ಪಿತು. ಇನ್ನು ಮುಗಿಯಿತು ಅಂದುಕೊಂಡೆ. ನಾಲ್ಕನೇ ಸೋಮವಾರ ಯಾರೋ ಸುಮ್ನೆ ಶೀಟ್ ತೆರೆದರು. ಬಿಟ್ಟ ವಾರಗಳನ್ನು ತುಂಬಿಸಲು ಹೋಗಲಿಲ್ಲ. ಹೋಗಿದ್ದರೆ ಅಂದೇ ಬೇಸರ ಬಂದು ನಿಂತುಹೋಗುತ್ತಿತ್ತು.

ಒಂದೂವರೆ ಸ್ಟಾರ್ ಕಡಿಮೆ ಏಕೆ ಅಂದರೆ, ದಿನಾ ಬಂದು ಬೀಳುವ ಕೆಲಸಕ್ಕೆ ಇದರಲ್ಲಿ ಜಾಗವೇ ಇಲ್ಲ. ನಮ್ಮ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಅದಕ್ಕೆ ಬೇರೆ ಪಟ್ಟಿ ಇಟ್ಟಿದ್ದೇವೆ. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಕೂಡ ಜಾಸ್ತಿ ದಿನ ಬಾಳಲಿಲ್ಲ, ಮತ್ತೆ ಶೀಟಿಗೇ ಬಂದೆವು.

ಮುಂದಿನ ವಾರ ಒಂಬತ್ತನೇ ಕ್ವಾರ್ಟರಿನ ಗುರಿ ಬರೆಯಬೇಕು. ಇನ್ನೊಂದು ಆಬ್ಜೆಕ್ಟಿವ್ ಸೇರಿಸೋಣ ಅಂತ ಈಗಾಗಲೇ ಒಬ್ಬರು ಮೆಸೇಜ್ ಹಾಕಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.