ಮೊದಲ ಪೋಸ್ಟಿಂಗ್‌ಗೆ ಕೊಂಡ ಆಕ್ಸಿಮೀಟರ್: ಮೂರು ತಿಂಗಳು ಬಳಸಿದ ಮೇಲೆ

ಹಾಸನದಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಮೊದಲ ಸಲ ವಾರ್ಡ್ ಪೋಸ್ಟಿಂಗ್ (ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಸರದಿ) ಬಿದ್ದಾಗ ಬಿ.ಎಂ. ರಸ್ತೆಯ ಒಂದು ಸರ್ಜಿಕಲ್ ಅಂಗಡಿಯಲ್ಲಿ ಬೆರಳಿಗೆ ಸಿಕ್ಕಿಸಿ ಪಲ್ಸ್, ರಕ್ತದ ಆಕ್ಸಿಜನ್ ಎರಡನ್ನೂ ನೋಡುವ ಆಕ್ಸಿಮೀಟರ್ ಕೊಂಡೆ. 950 ರೂಪಾಯಿ. ರೋಗಿಗಳನ್ನು ನೋಡಲು ಬೇಕಾಗುತ್ತದೆ ಅಂದುಕೊಂಡಿದ್ದೆ. ಮೊದಲ ವಾರ ಜಾಸ್ತಿ ನೋಡಿದ್ದು ನನ್ನದೇ ಪಲ್ಸ್.

ಮೊದಲ ದಿನ ವಾರ್ಡಿನ ಬಾಗಿಲ ಹೊರಗೆ ನಿಂತಿದ್ದೆವು. ಬಾಯಿ ಒಣಗಿತ್ತು, ಅಂಗೈ ಬೆವರುತ್ತಿತ್ತು, ಹೊಟ್ಟೆಯಲ್ಲಿ ಏನೋ ತೊಳಸಿದ ಹಾಗೆ. ಆಕ್ಸಿಮೀಟರ್ ಹಾಕಿದರೆ ಬರೀ ಗೆರೆ, ಅಂಕಿಯೇ ಬರಲಿಲ್ಲ. ಕೆಟ್ಟ ಮಾಲು ಕೊಟ್ಟಿದ್ದಾರೆ ಅಂತ ಅಂಗಡಿಯವರ ಮೇಲೆ ಸಿಟ್ಟು ಬಂತು. ತಪ್ಪು ಅವರದ್ದಲ್ಲ. ಈ ಯಂತ್ರ ಬೆರಳಿನೊಳಗೆ ಬೆಳಕು ಹಾಯಿಸಿ, ಅಲ್ಲಿ ಮಿಡಿಯುವ ರಕ್ತವನ್ನು ನೋಡಿ ಅಂಕಿ ಕೊಡುತ್ತದೆ. ಹೆದರಿದಾಗ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರಿ ಬೆರಳಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ, ಬೆರಳು ತಣ್ಣಗಾಗುತ್ತದೆ. ಮೇಲೆ ಡಿಸೆಂಬರ್ ಬೆಳಗಿನ ಹಾಸನದ ಚಳಿ ಬೇರೆ. ಕೈ ಉಜ್ಜಿಕೊಂಡು, ಅಲುಗಿಸದೆ ಹಿಡಿದ ಮೇಲೆ ಅಂಕಿ ಬಂತು: ಪಲ್ಸ್ 126, ಆಕ್ಸಿಜನ್ 98. ಸುಮ್ನೆ ನಿಂತಿರುವ ದೊಡ್ಡವರಿಗೆ ಪಲ್ಸ್ 60ರಿಂದ 100 ಇರಬೇಕು, ಅಲ್ವಾ?

ನನಗೆ ಉಪಕಾರ ಮಾಡಿದ್ದು ಆ 98. ಉಸಿರೇ ಸಾಲುತ್ತಿಲ್ಲ ಅನ್ನಿಸುತ್ತಿತ್ತು, ತುಟಿಯ ಸುತ್ತ ಜುಮ್ಮೆನ್ನುತ್ತಿತ್ತು. ಆದರೆ ಆಕ್ಸಿಜನ್ ಕಡಿಮೆ ಇರಲಿಲ್ಲ. ಬೇಗ ಬೇಗ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಇಳಿದರೆ ಹಾಗೆ ಜುಮ್ಮೆನ್ನುತ್ತದೆ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದೆ. ಸ್ವಲ್ಪ ಹೊತ್ತಿಗೆ ಪಲ್ಸ್ 104ಕ್ಕೆ ಬಂತು, ಕಣ್ಣೆದುರೇ.

ಮುಕ್ಕಾಲು ಗಂಟೆಯ ನಂತರ ಸಕ್ಕರೆ ಕಾಯಿಲೆಯವರೊಬ್ಬರ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡುವುದನ್ನು ನೋಡುತ್ತಿದ್ದೆ. ಬೆಳಿಗ್ಗೆ ಹೆದರಿಕೆಗೆ ತಿಂಡಿ ತಿಂದಿರಲಿಲ್ಲ. ಮೊದಲು ಆಕಳಿಕೆ, ಆಮೇಲೆ ಮೈಯೆಲ್ಲ ತಣ್ಣನೆ ಬೆವರು, ಕಿವಿ ಮುಚ್ಚಿದ ಹಾಗೆ, ಕಣ್ಣು ಮಂಜು. ಸಿಸ್ಟರ್ ನೋಡಿದ ತಕ್ಷಣ "ಬಾಮ್ಮ, ಮಲಕ್ಕೊ" ಅಂತ ಮಲಗಿಸಿ ಕಾಲು ಎತ್ತಿ ಹಿಡಿದರು. ಬೆರಳಿಗೆ ಹಾಕಿದಾಗ ಪಲ್ಸ್ 52. ಒಂದೇ ಬೆಳಿಗ್ಗೆ 126ಕ್ಕೆ ಏರಿದ್ದು 52ಕ್ಕೆ ಇಳಿದಿತ್ತು. ಹೃದಯದ ಬಡಿತ ನಿಧಾನ ಮಾಡುವ ವೇಗಸ್ ನರ ಜೋರಾಗಿ ಕೆಲಸ ಮಾಡಿ ಪಲ್ಸ್, ಬಿ.ಪಿ. ಎರಡೂ ಕುಸಿದಾಗ ತಲೆ ಸುತ್ತಿ ಬೀಳುವುದು ಹೀಗೆ ಅಂತ ಪುಸ್ತಕದಲ್ಲಿ ಓದಿದ್ದೆ. ನನ್ನ ಮೈಮೇಲೆ ಆಗುವವರೆಗೂ ಅರ್ಥವಾಗಿರಲಿಲ್ಲ. ಆ ಸಿಸ್ಟರ್ ಒಂದು ಮಾತೂ ಬೈಯಲಿಲ್ಲ. ಅವರನ್ನು ಮರೆಯುವುದಿಲ್ಲ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಎರಡು ಸಣ್ಣ ಸೆಲ್, ಬಳಸದಾಗ ತೆಗೆದಿಡಿ. ಸೆಲ್‌ನ ಮುಚ್ಚಳ ಸಡಿಲ, ನಾನು ಪ್ಲಾಸ್ಟರ್ ಅಂಟಿಸಿದ್ದೇನೆ. ಉಗುರು ಬಣ್ಣ ಇದ್ದರೆ ಅಂಕಿ ತಪ್ಪಬಹುದು. ಹಾಕಿದ ಕೂಡಲೇ ಬರುವ ಅಂಕಿಯನ್ನು ನಂಬಬೇಡಿ, ಅದು ಒಂದೆಡೆ ನಿಲ್ಲಲಿ. ಇನ್ನೊಂದು ದೊಡ್ಡ ತೊಂದರೆ ಇದೆ: ಭಯ ಇರುವವರು ಇದನ್ನು ಪದೇ ಪದೇ ನೋಡುತ್ತಾ ಕೂತರೆ ಅಂಕಿ ನೋಡಿಯೇ ಪಲ್ಸ್ ಏರುತ್ತದೆ. ಎರಡನೇ ವಾರದಿಂದ ನಾನು ವಾರ್ಡಿಗೆ ಹೋಗುವ ಮುಂಚೆ ಒಂದೇ ಸಲ ನೋಡುತ್ತಿದ್ದೆ. ಈಗ ಅದೂ ಇಲ್ಲ.

ದುಡ್ಡು ಕಡಿಮೆ ಇದ್ದರೆ ಮೊದಲು ಸೆಕೆಂಡ್ ಮುಳ್ಳಿರುವ ವಾಚ್ ಕೊಳ್ಳಿ, ಕೈ ಹಿಡಿದು ನಾಡಿ ಎಣಿಸುವುದನ್ನು ಅದರಲ್ಲೇ ಕಲಿಯಬೇಕು. ಮತ್ತೆ ಬೆಳಿಗ್ಗೆ ಎರಡು ಇಡ್ಲಿಯಾದರೂ ತಿಂದು ಹೋಗಿ, ದಯವಿಟ್ಟು. ಆಕ್ಸಿಮೀಟರ್ ಆಮೇಲೆ ಕೊಂಡರೂ ನಡೆಯುತ್ತದೆ, ಐದಕ್ಕೆ ನಾಲ್ಕು ಕೊಡುತ್ತೇನೆ. ಸೋಮವಾರ ಅರಕಲಗೂಡಿನಿಂದ ಬರುವ ನನ್ನ ಜೂನಿಯರ್ ಹುಡುಗಿಗೆ ಮೊದಲ ಪೋಸ್ಟಿಂಗ್. ನನ್ನದಕ್ಕೆ ಹೊಸ ಸೆಲ್ ಹಾಕಿ ಅವಳಿಗೆ ಕೊಟ್ಟಿದ್ದೇನೆ.