ಕೆಲಸದ ಜೊತೆ ಓದು: ಮುಕ್ತ ವಿವಿಯೋ, ಸ್ವಯಂ ಕೋರ್ಸೋ?

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್‌ನಲ್ಲಿ (ಕಾಫಿ ಬೀಜ ಹದಮಾಡುವ ಘಟಕದಲ್ಲಿ) ಲೆಕ್ಕ ಬರೆಯುವ ನೀವು ಮತ್ತೆ ಓದಬೇಕು, ಮುಕ್ತ ವಿವಿ ಸೇರಲೋ ಸ್ವಯಂ ಕೋರ್ಸ್ ಮಾಡಲೋ ಅಂತ ಕೇಳಿದ್ದು ಒಳ್ಳೆಯದೇ. ಅರೇಬಿಕಾ ಕಾಫಿಯ ದರ ನ್ಯೂಯಾರ್ಕ್‌ನಲ್ಲಿ, ರೋಬಸ್ಟಾ ಕಾಫಿಯ ದರ ಲಂಡನ್‌ನಲ್ಲಿ ಕುಸಿದರೆ ನಿಮ್ಮ ಗೋದಾಮಿಗೂ ಬಿಸಿ ತಟ್ಟುತ್ತದೆ; ಆಗ ಇನ್ನೊಂದು ವಿದ್ಯೆ ಕೈಯಲ್ಲಿದ್ದರೆ ಒಳ್ಳೆಯದು. 2020ರ ಶಿಕ್ಷಣ ನೀತಿ ಜೀವನಪೂರ್ತಿ ಕಲಿಕೆ ಅನ್ನುವುದೂ ಇಂಥ ಕಾಲಕ್ಕೇ.

ಖರ್ಚಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ‘ಸ್ವಯಂ’ ಹಗುರ. ಪಾಠ ಉಚಿತ, ಪ್ರಮಾಣಪತ್ರ ಬೇಕಾದರೆ ಪರೀಕ್ಷಾ ಶುಲ್ಕ. ಒಂದೇ ವಿಷಯ ಬೇಗ ಕಲಿಯಬೇಕು ಅನ್ನುವವರಿಗೆ ಸರಿ. ಆದರೆ ಹೆಚ್ಚಿನ ಪಾಠ ಇಂಗ್ಲಿಷ್‌ನಲ್ಲಿವೆ. ಪಾಳಿ ಮುಗಿಸಿ ಬಂದು ಮೊಬೈಲ್ ಹಿಡಿದು ಕೂತರೆ ಓದು ಅಂತ ಎಚ್ಚರಿಸುವವರಿಲ್ಲ. ಅರ್ಧಕ್ಕೇ ಬಿಡುವವರು ಜಾಸ್ತಿ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಬಿ.ಕಾಂ.ಗೆ ಮೂರು ವರ್ಷ ಬೇಕು, ದುಡ್ಡೂ ಬೇಕು. ಆದರೆ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಪದವಿ ಕೇಳುವ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕೋರಿಗೆ ಇದೇ ಬೇಕು, ಅಲ್ವಾ? ಸ್ವಂತ ತೋಟವಿದ್ದರೆ ಮಾತ್ರ ಮೊದಲು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ತರಬೇತಿ ವಿಚಾರಿಸಿ.