ರೇಡಿಯೊಕ್ಕೆ ಒಂದು ಸೆಲ್, ಸ್ಪೀಕರಿಗೆ ಇನ್ನೊಂದು

ಕಲಬುರಗಿಯಲ್ಲಿ ಯಾವುದೇ ಅಂಗಡಿಗೆ ಹೋಗಿ ಪೆನ್ಸಿಲ್ ಸೆಲ್ ಕೇಳಿದರೆ ಬಹುತೇಕ ಕೈಗೆ ಬರುವುದು ಜಿಂಕ್-ಕಾರ್ಬನ್ ಸೆಲ್. ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಅದು ಸಾಕು. ಆಕಾಶವಾಣಿ ಕೇಳುವ ಸಣ್ಣ ರೇಡಿಯೊಕ್ಕೂ, ದನಿ ಸಣ್ಣಗೆ ಇಟ್ಟರೆ, ನಡೆಯುತ್ತದೆ. ಗೇಮ್ ಕಂಟ್ರೋಲರಿಗೆ, ಸೆಲ್ ಹಾಕುವ ಸ್ಪೀಕರಿಗೆ ಮಾತ್ರ ಬೇಡ. ಹೆಚ್ಚು ಕರೆಂಟ್ ಎಳೆದ ಕೂಡಲೇ ಸೆಲ್ಲಿನ ಒಳಗಿನ ರೋಧದಿಂದ (ಕರೆಂಟಿಗೆ ಇರುವ ತಡೆ) ವೋಲ್ಟೇಜ್ ಕುಸಿಯುತ್ತದೆ. ಜೋರಾಗಿ ಇಟ್ಟಾಗ ಹಾಡು ಒಡೆಯುವುದು, ತಾಸೊತ್ತು ಬಂದ್ ಮಾಡಿಟ್ಟರೆ ಮತ್ತೆ ಹಾಡುವುದು ಇದಕ್ಕೇ; ಸೆಲ್ ಪೂರ್ತಿ ಖಾಲಿಯಾಗಿರುವುದಿಲ್ಲ.

ಅಲ್ಕಲೈನ್ ಸೆಲ್ ಈ ಭಾರ ತಡೆಯುತ್ತದೆ. ಆದರೆ ದಿನಾ ಬಳಸುವವರಿಗೆ ನಮ್ಮ ಆಯ್ಕೆ ಚಾರ್ಜ್ ಮಾಡುವ ನಿಕಲ್-ಮೆಟಲ್ ಹೈಡ್ರೈಡ್, ಅದರಲ್ಲೂ ಇಟ್ಟಲ್ಲೇ ಬೇಗ ಚಾರ್ಜ್ ಸೋರದ ಎನೆಲೂಪ್ ಬ್ರ್ಯಾಂಡಿನ ಥರದ್ದು. ಎಎ, ಅಂದರೆ ಪೆನ್ಸಿಲ್ ಸೆಲ್ಲಿನ ಅಳತೆಯದು, ಸುಮಾರು 2000 ಎಂಎಎಚ್ (ಮಿಲಿಆಂಪ್-ತಾಸು, ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ). 200 ಮಿಲಿಆಂಪ್ ಎಳೆಯುವ ಸ್ಪೀಕರಿಗೆ ಹತ್ತು ತಾಸು. 1.5ರ ಬದಲು 1.2 ವೋಲ್ಟ್ ಎಂದು ಹಿಂಜರಿಯಬೇಡಿ. ಅಲ್ಕಲೈನ್ ಬಳಸಿದಂತೆಲ್ಲ ಇಳಿಯುತ್ತ ಹೋಗುತ್ತದೆ, ಇದು ಬಹುತೇಕ ಕೊನೆಯವರೆಗೂ 1.2ರ ಹತ್ತಿರವೇ ನಿಲ್ಲುತ್ತದೆ. ಚಾರ್ಜರ್ ಮಾತ್ರ ಪ್ರತಿ ಸೆಲ್ಲನ್ನೂ ಬೇರೆ ಬೇರೆ ನೋಡಿ, ತುಂಬಿದ ಮೇಲೆ ತಾನೇ ನಿಲ್ಲುವಂಥದ್ದಿರಲಿ. ರಾತ್ರಿಯಿಡೀ ಕರೆಂಟ್ ತಳ್ಳುವ ಅಗ್ಗದ ಚಾರ್ಜರ್ ಒಳ್ಳೆಯ ಸೆಲ್ಲನ್ನೂ ಕೊಲ್ಲುತ್ತದೆ.

ಹೆಚ್ಚು ಮೋಸ ಇರುವುದು ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿಯಲ್ಲಿ. ತೊಗರಿ ಹೊಲಕ್ಕೆ ಒಯ್ಯುವ ಎಫ್ಎಂ-ಪೆನ್‌ಡ್ರೈವ್ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೋ ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ, ಇಲ್ಲವೇ 18650 ಸೆಲ್. ಅಸಲಿ ಬಿಎಲ್-5ಸಿ 1020 ಎಂಎಎಚ್ ಆಸುಪಾಸು. ಅದೇ ಅಳತೆಯ ಬ್ಯಾಟರಿ ಮೇಲೆ ಇದರ ಎರಡು ಪಟ್ಟು ಬರೆದಿದ್ದರೆ ಕೆಳಗಿಡಿ. 18650 ಎಂದರೆ 18 ಮಿಮೀ ದಪ್ಪ, 65 ಮಿಮೀ ಉದ್ದ. ಅಷ್ಟರಲ್ಲಿ ಒಳ್ಳೆಯ ಕಂಪನಿಗಳೇ ತುಂಬಿರುವುದು 3500 ಎಂಎಎಚ್ ಹತ್ತಿರ. 9900 ಎಂದು ಅಚ್ಚಾಗಿದ್ದರೆ ಅದು ಹಸಿ ಸುಳ್ಳು. ತಕ್ಕಡಿ ಇದ್ದರೆ ತೂಗಿಸಿ: ಸರಿಯಾದದ್ದು ಸಾಮಾನ್ಯವಾಗಿ 45 ಗ್ರಾಂ ಆಸುಪಾಸು ಇರುತ್ತದೆ, ತೀರಾ ಹಗುರವಾದದ್ದು ಒಳಗೆ ಅರ್ಧ ಖಾಲಿ ಇರಬಹುದು. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಒಳಗೆ ಸುರಕ್ಷತಾ ಸರ್ಕ್ಯೂಟಿನ ಸಣ್ಣ ಪಟ್ಟಿ ಕೂರಿಸಿದ ಸೆಲ್ ಮೂರ್ನಾಲ್ಕು ಮಿಮೀ ಹೆಚ್ಚು ಉದ್ದ ಇರುತ್ತದೆ, ಕೆಲವು ಸ್ಪೀಕರಿನಲ್ಲಿ ಕೂಡುವುದಿಲ್ಲ. ಹಳೆಯದನ್ನು ಜೊತೆಗೇ ಒಯ್ದು ತಾಳೆ ನೋಡಿ ತನ್ನಿ.

ನಮ್ಮ ಬಿಸಿಲು ಇದರ ದೊಡ್ಡ ವೈರಿ. ಲಿಥಿಯಂ ಸೆಲ್ ಚಾರ್ಜ್ ಮಾಡಲು ಸಾಮಾನ್ಯ ಮಿತಿ 45 ಡಿಗ್ರಿ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಅದು ಸುಲಭವಾಗಿ ದಾಟುತ್ತದೆ. ಬಿಸಿಲಿನಿಂದ ತಂದ ಸ್ಪೀಕರ್ ನೆರಳಲ್ಲಿ ಆರಲಿ, ಆಮೇಲೆ ಚಾರ್ಜಿಗೆ ಹಾಕಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಅಂತೂ ಮಾಡಲೇಬೇಡಿ.

ಪೆನ್ಸಿಲ್ ಸೆಲ್ಲಿಗೆ ಮರಳಿದರೆ, ಹಳೆಯದು ಹೊಸದು ಬೆರೆಸಬೇಡಿ. ಸೊರಗಿದ ಸೆಲ್ ಪೂರ್ತಿ ಬರಿದಾದ ಮೇಲೂ ಉಳಿದವು ಅದರೊಳಗೆ ಕರೆಂಟ್ ತಳ್ಳುತ್ತವೆ, ಅದು ಸೋರುತ್ತದೆ. ಅಲ್ಕಲೈನ್ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಗೆ ಒಂದೆರಡು ಹನಿ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆಯೇ ಹೊಸ ಸೆಲ್ ಹಾಕಿ.